ಶೇಂಗಾ ಸಿಪ್ಪಿಯಿಂದ ಫ್ಯೂಯೆಲ್ ಸೆಲ್‌ಗೆ ಕಾರ್ಬನ್ ಮಾಡೂದು ಹೆಂಗ

ಫ್ಯೂಯೆಲ್ ಸೆಲ್ ಅಂದ್ರ ಹೈಡ್ರೋಜನ್‌ನಂಥ ಇಂಧನದಿಂದ ಸೀದಾ ಕರೆಂಟ್ ಮಾಡೋ ಸಾಧನ, ಅದರಾಗ ಕೆಲಸಾ ಮಾಡೋ ಪ್ಲಾಟಿನಂ ಕಣ ಕೂಡಾಕ ತೂತು ತೂತಿನ ಕಾರ್ಬನ್ ಬೇಕು. ಗದಗ ಕಡೆ ಶೇಂಗಾ ಮಿಲ್ಲಿನ ಹಿಂದ ರಾಶಿ ಬಿದ್ದಿರತೈತಲ್ಲ ಸಿಪ್ಪಿ, ಅದ ಸಾಕು. ತೊಳದು ಒಣಗಿಸಿ ಪುಡಿ ಮಾಡಿ, ಟ್ಯೂಬ್ ಫರ್ನೇಸಿನ್ಯಾಗ (ಕೊಳವಿಯಂಥ ಕುಲುಮಿ) ನೈಟ್ರೋಜನ್ ಬಿಟ್ಕೊಂತ 500 ಡಿಗ್ರಿಗೆ ಸುಟ್ರ ಇದ್ದಲಿ ಆಗತೈತಿ, ಆಮ್ಯಾಲೆ ಒಂದ್ ಪಾಲು ಇದ್ದಲಿಗೆ ಮೂರ್ ಪಾಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕಲಸಿ ಮತ್ತ 800 ಡಿಗ್ರಿ, ಒಂದ್ ತಾಸು. ಕ್ರೂಸಿಬಲ್ (ಸುಡೂ ಬಟ್ಟಲ) ನಿಕಲ್‌ದ ಇರ್ಲಿ, ಪಿಂಗಾಣಿದು ಇಟ್ಟು ನಾ ತಳಾನ ಕಳಕೊಂಡೀನಿ. ಪೂರಾ ಆರಿದ ಮ್ಯಾಲೆ ತಗೀರಿ, ಒಳಗ ಪೊಟ್ಯಾಸಿಯಂ ಲೋಹ ಉಳದಿದ್ರ ನೀರು ತಾಗಿ ಬೆಂಕಿ ಹತ್ತತೈತಿ. ಸಾವಕಾಶ ತಿಳಿ ಹೈಡ್ರೋಕ್ಲೋರಿಕ್ ಆ್ಯಸಿಡ್, ಆಮ್ಯಾಲೆ ಡಿಸ್ಟಿಲ್ಡ್ ನೀರಿನ್ಯಾಗ ಪಿಎಚ್ 7 ಬರೂತನಕ ತೊಳೀರಿ, ಬ್ಯಾಸರ ಬರತೈತಿ, ಆದ್ರೂ ಬಿಡಬ್ಯಾಡ್ರಿ.

ಈಗ ಮುಖ್ಯ ಮಾತು. ಸರ್ಫೇಸ್ ಏರಿಯಾ ಭಾಳ ಬಂತಂತ ಕುಣೀಬ್ಯಾಡ್ರಿ, ಯಾಕಂದ್ರ ಹಿಂಗ ಮಾಡಿದ್ರ ಬರೂವು ಹೆಚ್ಚಾಗಿ 2 ನ್ಯಾನೋಮೀಟರ್‌ಕಿಂತ ಸಣ್ಣ ತೂತು, ಪ್ಲಾಟಿನಂ ಕಣಾನ 2-3 ನ್ಯಾನೋಮೀಟರ್ ಇರತಾವ, ಒಳಗ ಹೋಗೂದರ ಎಲ್ಲಿಂದ? ನಮಗ ಬೇಕಾದ್ದು ಮೀಸೋಪೋರ್, 2ರಿಂದ 50ರ ನಡುವಿಂದು. ಅದಕ್ಕ ಸಿಪ್ಪಿ ಬದ್ಲಿ ಮೆಗ್ನೀಸಿಯಂ ಅಸಿಟೇಟ್‌ಗೆ ಕಾರ್ಬನ್ ಕೊಡೋ ಪಾಲಿಮರ್ ಏನರ ಕಲಸಿ ಸುಟ್ಟು, ಉಳಿದ ಮೆಗ್ನೀಸಿಯಂ ಆಕ್ಸೈಡ್‌ನ ಆ್ಯಸಿಡ್‌ನ್ಯಾಗ ಕರಗಿಸಿ ತಗೀರಿ, ಅದು ಇದ್ದ ಜಾಗಾನ ತೂತಾಗಿ ಉಳೀತೈತಿ. ನನಗಂತೂ ಇದ ಚಲೋ ಅನ್ಸತೈತಿ.

ಪ್ಲಾಟಿನಂ ಕೂಡಸಾಕ ಕ್ಲೋರೋಪ್ಲಾಟಿನಿಕ್ ಆ್ಯಸಿಡ್‌ನ ಎಥಿಲೀನ್ ಗ್ಲೈಕಾಲ್‌ನ್ಯಾಗ ಹಾಕಿ, ಸೋಡಿಯಂ ಹೈಡ್ರಾಕ್ಸೈಡಿಂದ ಪಿಎಚ್ ಏರಿಸಿ, ಕಾರ್ಬನ್ ಕೂಡ 140 ಡಿಗ್ರಿಗೆ ಮೂರ್ ತಾಸು ಕಾಸ್ರಿ, ಆರಿದ ಮ್ಯಾಲೆ ಪಿಎಚ್ ಇಳಿಸಿದ್ರ ಕಣ ಕಾರ್ಬನ್ನಿಗೆ ಹತ್ತಿ ಕೂಡತಾವ, ಸೋಸಿ ತೊಳೀರಿ.

ಹಾಂ, ಇಂಕ್ (ಎಲೆಕ್ಟ್ರೋಡಿಗೆ ಬಳಿಯೂ ಕಲಸು) ಮಾಡೂವಾಗ ಈ ಪ್ಲಾಟಿನಂ-ಕಾರ್ಬನ್ ಒಣ ಪುಡಿ ಮ್ಯಾಲೆ ಸೀದಾ ಆಲ್ಕೋಹಾಲ್ ಸುರಿಬ್ಯಾಡ್ರಿ, ಧಗ್ ಅಂತ ಹತ್ತತೈತಿ. ಮೊದಲ ನೀರು ಹಾಕಿ ಪೂರಾ ತೊಯ್ಸಿ, ಆಮ್ಯಾಲೆ ಆಲ್ಕೋಹಾಲ್.