ಮೆಂಬ್ರೇನ್‌ಗೆ ಕಟ್ಟಿದ್ದು ಸುಣ್ಣವೋ, ಲೋಳೆಯೋ?

ವಿಜಯಪುರದ ಡೋಣಿ ಸೀಮೆಯಲ್ಲಿ ಬೋರ್‌ವೆಲ್ ನೀರು ಸವಳು. ನೀರು ಕಾಯಿಸುವ ಹಂಡೆಯ ತಳಕ್ಕೆ ಸುಣ್ಣದ ಬಿಳಿ ಚಕ್ಕೆ ಕಟ್ಟುತ್ತದೆ ಅಲ್ವಾ? ಊರಿನ ಶುದ್ಧ ನೀರಿನ ಘಟಕದಲ್ಲಿ ಮೆಂಬ್ರೇನ್ (ನೀರಿನ ಉಪ್ಪು ಸೋಸುವ ಪೊರೆ) ಮೇಲೂ ಅದೇ ಕಟ್ಟುತ್ತದೆ. ಕೃಷ್ಣೆಯ ನೀರು ತುಂಬಿಸಿದ ಕೆರೆಯಿಂದ ನೀರೆತ್ತುವ ಘಟಕದ ಕಥೆ ಬೇರೆ. ಅಲ್ಲಿ ಪಾಚಿ, ಕೊಳೆತ ಎಲೆಯ ರಸ ಸೇರಿ ಲೋಳೆ ಹಿಡಿಯುತ್ತದೆ. ಎರಡನ್ನೂ ತೊಳೆಯಬಹುದು. ಆದರೆ ಕಟ್ಟಿದ್ದು ಯಾವುದು ಅಂತ ಮೊದಲು ಗೊತ್ತಾಗಬೇಕು.

ನೀರು ಬರುವ ವೇಗವನ್ನು ದಿನಾ ಬರೆದಿಡಿ. ಮೊದಲಿಗಿಂತ ಶೇ 10–15ರಷ್ಟು ಇಳಿದರೆ ತೊಳೆಯುವ ಹೊತ್ತು ಬಂತು. ಚಳಿಗಾಲದಲ್ಲಿ ಮಾತ್ರ ಅವಸರ ಬೇಡ. ನೀರು ಒಂದು ಡಿಗ್ರಿ ತಣ್ಣಗಾದರೆ ಹರಿವು ಸುಮಾರು ಶೇ 3ರಷ್ಟು ತಾನಾಗಿಯೇ ಇಳಿಯುತ್ತದೆ.

ಇನ್ನು ಪತ್ತೆ ಹಚ್ಚುವುದು. ಮೆಂಬ್ರೇನ್‌ಗಳು ಒಂದರ ಹಿಂದೊಂದು ಇದ್ದರೆ ಮೊದಲನೆಯದನ್ನೂ ಕೊನೆಯದನ್ನೂ ಬಿಚ್ಚಿ ನೋಡಿ. ಲೋಳೆ ಮೊದಲನೆಯದನ್ನು ಹಿಡಿಯುತ್ತದೆ, ಕೊಳೆ ಬರುವುದು ಆ ಕಡೆಯಿಂದ. ಬೆರಳಿಗೆ ಜಾರುತ್ತದೆ, ವಾಸನೆ ಬರುತ್ತದೆ. ಸುಣ್ಣ ಕೊನೆಯದರಲ್ಲಿ ಕಟ್ಟುತ್ತದೆ, ಅಲ್ಲಿಗೆ ಬರುವಷ್ಟರಲ್ಲಿ ನೀರು ಗಟ್ಟಿ ಉಪ್ಪಾಗಿರುತ್ತದೆ. ಆ ಮೆಂಬ್ರೇನ್ ಎತ್ತಿದರೆ ಭಾರ, ಮುಟ್ಟಿದರೆ ಮರಳಿನಂತೆ ಒರಟು. ಆ ಪುಡಿಗೆ ಒಂದು ಹನಿ ಆಸಿಡ್ ಬಿಟ್ಟಾಗ ನೊರೆ ಎದ್ದರೆ ಅದು ಸುಣ್ಣವೇ. ನೊರೆ ಬರದಿದ್ದರೆ ಜಿಪ್ಸಂ ಇರಬಹುದು. ಅದು ಬರೀ ಆಸಿಡ್‌ಗೆ ಕರಗುವುದಿಲ್ಲ.

ಎರಡೂ ಇದ್ದರೆ? ನಾನು ಒಮ್ಮೆ ಇಲ್ಲೇ ತಪ್ಪಿದ್ದೆ. ಬಿಳಿ ಪುಡಿ ಕಂಡದ್ದೇ ನೇರ ಆಸಿಡ್ ಹಾಕಿಸಿದೆ. ಲೋಳೆ ಬಿಗಿದು ಇನ್ನೂ ಗಟ್ಟಿಯಾಯಿತು, ಹರಿವು ಮತ್ತೂ ಇಳಿಯಿತು. ಇಡೀ ಊರು ಎರಡು ದಿನ ಪಕ್ಕದೂರಿಗೆ ಕೊಡ ಹೊತ್ತು ಹೋಯಿತು. ಆ ಸಂಕಟ ಇನ್ನೂ ಮರೆತಿಲ್ಲ. ಲೋಳೆ ಇರುವ ಕಡೆ ಮೊದಲು ಕಾಸ್ಟಿಕ್ ಸೋಡಾ, ಆಮೇಲೆ ಆಸಿಡ್.

ತೊಳೆಯಲು ಘಟಕದಿಂದ ಬಂದ ಶುದ್ಧ ನೀರೇ ಇರಲಿ. ಸವಳು ನೀರಿಗೆ ಕಾಸ್ಟಿಕ್ ಬಿದ್ದರೆ ಅಲ್ಲೇ ಸುಣ್ಣ ಕಟ್ಟುತ್ತದೆ. 100 ಲೀಟರ್‌ಗೆ 100 ಗ್ರಾಂ ಕಾಸ್ಟಿಕ್ ಸಾಕು. ನೀರಿಗೆ ಕಾಸ್ಟಿಕ್ ಹಾಕಿ, ಕಾಸ್ಟಿಕ್ ಮೇಲೆ ನೀರು ಸುರಿಯಬೇಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಆ ನೀರನ್ನು ಕಡಿಮೆ ಪ್ರೆಶರ್‌ನಲ್ಲಿ ಮೆಂಬ್ರೇನ್ ಮೂಲಕ ಅರ್ಧ ಗಂಟೆ ಸುತ್ತು ಹರಿಸಿ, ಒಂದು ಗಂಟೆ ನೆನೆಯಲು ಬಿಡಿ, ಮತ್ತೆ ಹರಿಸಿ. ಪ್ರೆಶರ್ ಜಾಸ್ತಿಯಾದರೆ ಬಿಟ್ಟ ಕೊಳೆ ಮತ್ತೆ ಒತ್ತಿಕೊಂಡು ಕೂರುತ್ತದೆ. ಚೆನ್ನಾಗಿ ಜಾಲಿಸಿದ ಮೇಲೆ 100 ಲೀಟರ್‌ಗೆ 2 ಕಿಲೋ ಸಿಟ್ರಿಕ್ ಆಸಿಡ್ ಬೆರೆಸಿ ಅದೇ ರೀತಿ ಮಾಡಿ. ನಮ್ಮ ಇಂಡಿ ತಾಲ್ಲೂಕಿನ ಲಿಂಬೆಯಲ್ಲಿರುವ ಹುಳಿಯೇ ಇದು. ಹಾಗಂತ ಲಿಂಬೆ ರಸವನ್ನೇ ಹಿಂಡಬೇಡಿ, ಅದರ ತಿರುಳೇ ಮೆಂಬ್ರೇನ್‌ಗೆ ಕೊಳೆ. ಬ್ಲೀಚಿಂಗ್ ಪೌಡರ್ ಅಂತೂ ಹತ್ತಿರ ತರಬೇಡಿ. ಕ್ಲೋರಿನ್ ಮೆಂಬ್ರೇನ್ ಪೊರೆಯನ್ನೇ ಹಾಳು ಮಾಡುತ್ತದೆ, ಆಸಿಡ್ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಕೊನೆಗೆ ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ ಕಾಗದ ಅದ್ದಿ ನೋಡಿ. ಎಂದಿನ ಅಂಕಿ ಬರುವವರೆಗೆ ನೀರನ್ನು ಹೊರಗೆ ಬಿಡಿ.

ತೊಳೆದರೂ ಸುಣ್ಣ ಬೇಗ ಮರಳುತ್ತಿದೆಯೇ? ರಿಜೆಕ್ಟ್ ವಾಲ್ವ್ (ಉಳಿದ ಉಪ್ಪು ನೀರು ಹೊರಗೆ ಹೋಗುವ ಕಡೆಯ ವಾಲ್ವ್) ನೋಡಿ. ನೀರಿನ ಬರ ಕಂಡ ನಮ್ಮ ಜನಕ್ಕೆ ಹರಿದು ಹೋಗುವ ನೀರು ನೋಡಲಾಗುವುದಿಲ್ಲ, ವಾಲ್ವ್ ಬಿಗಿ ಮಾಡುತ್ತಾರೆ. ಲೆಕ್ಕ ಹೀಗಿದೆ: 100 ಲೀಟರ್‌ನಲ್ಲಿ 50 ಶುದ್ಧ ನೀರು ತೆಗೆದರೆ ಉಳಿದದ್ದರ ಉಪ್ಪು ಎರಡು ಪಟ್ಟು. 75 ತೆಗೆದರೆ ನಾಲ್ಕು ಪಟ್ಟು! ವಾಲ್ವ್ ಸುಮ್ನೆ ಬಿಗಿಯಬೇಡಿ. ಆ ನೀರನ್ನು ತೊಟ್ಟಿಯಲ್ಲಿ ಹಿಡಿದು ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಿ.

ಕರೆಂಟ್ ಹೋದಾಗ, ರಾತ್ರಿ ಮುಚ್ಚುವಾಗ ಇನ್ನೊಂದು ಕೆಲಸ ಇದೆ. ಒಳಗೆ ನಿಂತ ಗಟ್ಟಿ ಉಪ್ಪು ನೀರನ್ನು ಶುದ್ಧ ನೀರಿನಿಂದ ಐದು ನಿಮಿಷ ಹೊರಗೆ ತಳ್ಳಿ. ಬೆಳಗ್ಗೆ ಕೊಡ ಹಿಡಿದು ಜನ ಬರುವಷ್ಟರಲ್ಲಿ ಘಟಕ ತಯಾರಿರುತ್ತದೆ.