ಬಾಡೂಟದ ಮೇಲೆ ಕೂಲ್‌ಡ್ರಿಂಕ್ಸ್ ಕುಡಿಯುವ ಮುಂಚೆ

ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಕೊಯ್ಲಿನ ದಿನಗಳಲ್ಲಿ ಹಣ್ಣು ತೂಕ ಹಾಕಿ, ಲೆಕ್ಕ ಬರೆದು ಮನೆ ಸೇರುವಾಗ ರಾತ್ರಿ ಎಂಟೂವರೆ. ಊಟ, ಮೇಲೊಂದು ಗ್ಲಾಸ್ ಕೋಲಾ, ಆಮೇಲೆ ಹಾಸಿಗೆ. ಜೋರಾಗಿ ಒಂದು ತೇಗು ಬಂದರೆ ತಿಂದದ್ದು ಅರಗಿತು ಅಂತ ನಂಬಿದ್ದೆ. ಬೀಗರೂಟ ಮುಗಿಸಿದವರೆಲ್ಲ ಮಾಡುವುದೂ ಅದನ್ನೇ ಅಲ್ವಾ? ಕಳೆದ ಕೊಯ್ಲು ಮುಗಿಯುವ ಹೊತ್ತಿಗೆ, ಬಿಸಿ ಸಾರಿನಲ್ಲಿ ಅದ್ದಿದ ಮುದ್ದೆ ಇಳಿಯುವ ದಾರಿಯೆಲ್ಲ ಉರಿಯತೊಡಗಿತು. ಹಾಸನದಲ್ಲಿ ಎಂಡೋಸ್ಕೋಪಿ ಮಾಡಿದ ಡಾಕ್ಟರ್ ಪರದೆಯ ಮೇಲೆ ತೋರಿಸಿದರು. ಅನ್ನನಾಳದ ಕೆಳತುದಿಯಲ್ಲಿ ಉಗುರಿನಿಂದ ಗೀರಿದ ಹಾಗೆ ಕೆಂಪು ಗೆರೆಗಳು.

ಆ ತೇಗಿನ ವಿಷಯ ಮೊದಲು ತಿಳಿದುಕೊಳ್ಳಿ. ಅನ್ನನಾಳ ಒಂದು ಗೇಣಿಗಿಂತ ಚೂರು ಜಾಸ್ತಿ, ಸುಮಾರು 25 ಸೆಂಟಿಮೀಟರ್ ಉದ್ದ. ಅದು ಹೊಟ್ಟೆಗೆ ಸೇರುವ ಜಾಗದಲ್ಲಿ ಬಾಗಿಲಿನ ಹಾಗೆ ಮುಚ್ಚಿಕೊಳ್ಳುವ ಸ್ನಾಯು ಇದೆ. ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿದರೆ ಅದು ಸಡಿಲವಾಗುತ್ತದೆ. ಆಗ ತೇಗಿನ ಜೊತೆ ಹೊಟ್ಟೆಯ ಆಸಿಡ್ ಕೂಡ ಮೇಲೆ ಬರಬಹುದು. ಹೊಟ್ಟೆಯ ಒಳಗೋಡೆಗೆ ದಪ್ಪ ಲೋಳೆಯ ರಕ್ಷಣೆ ಇದೆ. ಅನ್ನನಾಳಕ್ಕೆ ಅಷ್ಟಿಲ್ಲ. ಕೋಲಾ ತಾನೂ ಹುಳಿಯೇ. ನೀರಿನ ಪಿಎಚ್ 7, ಕೋಲಾದ್ದು 2.5ರ ಆಸುಪಾಸು. ಒಂದು ಅಂಕೆ ಇಳಿದರೆ ಹುಳಿ ಹತ್ತು ಪಟ್ಟು ಜಾಸ್ತಿ. ಚೆನ್ನಾಗಿರುವ ಅನ್ನನಾಳವನ್ನು ಎಂಜಲೇ ತೊಳೆದುಬಿಡುತ್ತದೆ. ಕೆಂಪಾದ ಅನ್ನನಾಳಕ್ಕೆ ಈ ಹುಳಿ ಗಾಯದ ಮೇಲೆ ನಿಂಬೆ ಹಿಂಡಿದ ಹಾಗೆ. ಗ್ಯಾಸ್ ಹೋದ ಕೋಲಾ, ಸಕ್ಕರೆ ಇಲ್ಲದ ಕೋಲಾ, ನಿಂಬೆ ಸೋಡಾ ಯಾವುದಾದರೂ ಹುಳಿ ಇದ್ದೇ ಇರುತ್ತದೆ.

ಹಾಗಾಗಿ ಎದೆಯುರಿ ಇರುವವರು ಬಾಟಲಿ ಬಿಟ್ಟುಬಿಡಿ. ಉರಿ ಇಲ್ಲದವರು ಅಪರೂಪಕ್ಕೆ ಕುಡಿಯುವುದಾದರೆ ಹಗಲು ಹೊತ್ತು, ಸಣ್ಣ ಲೋಟದಲ್ಲಿ, ಮೇಲೆ ನಾಲ್ಕು ಗುಟುಕು ನೀರು. ಮಾತ್ರೆಯನ್ನು ಕೋಲಾದಲ್ಲಿ ನುಂಗಬೇಡಿ. ಕೂತುಕೊಂಡು ಲೋಟ ತುಂಬ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬೇಡಿ. ಕೆಲವು ಮಾತ್ರೆ ಅನ್ನನಾಳಕ್ಕೆ ಅಂಟಿಕೊಂಡು ಅಲ್ಲೇ ಹುಣ್ಣು ಮಾಡುತ್ತವೆ.

ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಬಿಡಿ. ತೋಟದ ಕೆಲಸದಲ್ಲಿ ಇದು ಕಷ್ಟ, ಗೊತ್ತು. ನಾನು ತೂಕಕ್ಕೆ ಮುಂಚೆಯೇ ಎರಡು ಅಕ್ಕಿರೊಟ್ಟಿ ತಿಂದಿರುತ್ತೇನೆ, ರಾತ್ರಿ ಒಂದು ಬಟ್ಟಲು ಗಂಜಿ ಸಾಕು.

ನನಗೆ ಜಾಸ್ತಿ ಉಪಯೋಗ ಆದದ್ದು ಮಂಚ. ಸಿಲ್ವರ್ ಮರದ ಆರು ಇಂಚಿನ ಎರಡು ತುಂಡು ತಂದೆ. ಕಾಲು ಜಾರದಂತೆ ಉಳಿಯಿಂದ ನಡುವೆ ಗುಳಿ ತೋಡಿ, ತಲೆ ಕಡೆಯ ಎರಡು ಕಾಲಿಗೆ ಕೊಟ್ಟೆ. ಸುಮ್ನೆ ದಿಂಬು ಪೇರಿಸಿದರೆ ಆಗುವುದಿಲ್ಲ, ಸೊಂಟ ಬಗ್ಗಿ ಹೊಟ್ಟೆಯೇ ಒತ್ತುತ್ತದೆ. ಎಡಮಗ್ಗುಲಲ್ಲಿ ಮಲಗಿ. ಒಂದು ವಾರದಲ್ಲಿ ಬಾಯಿಗೆ ಹುಳಿನೀರು ಬಂದು ಎಚ್ಚರಾಗುವುದು ನಿಂತಿತು.

ಮುದ್ದೆ ಎದೆಯಲ್ಲೇ ನಿಂತಂತಾದರೆ, ಮಲ ಕಪ್ಪಗೆ ಹೋದರೆ, ಸುಮ್ಮಸುಮ್ಮನೆ ತೂಕ ಇಳಿದರೆ ಅಂಗಡಿ ಮಾತ್ರೆಯಲ್ಲಿ ದಿನ ತಳ್ಳದೆ ಡಾಕ್ಟರ್ ಹತ್ತಿರ ಹೋಗಿ. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ಕೈಗೋ ದವಡೆಗೋ ಹರಿದರೆ ಅದನ್ನು ಗ್ಯಾಸ್ಟ್ರಿಕ್ ಅನ್ನಬೇಡಿ. ಹಾರ್ಟಿನದ್ದಿರಬಹುದು, ಆ ಕ್ಷಣವೇ 108ಕ್ಕೆ ಫೋನ್ ಮಾಡಿ.