ಹಿತ್ತಲ ಕೊಳದಲ್ಲಿ ಸೊಳ್ಳೆ ಬೆಳೆಯದಂತೆ ನೋಡಿಕೊಂಡ ಬಗೆ

ನೀರು ನಿಂತರೆ ಸೊಳ್ಳೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅದು ಸುಳ್ಳಲ್ಲ, ಆದರೆ ನಿಂತ ನೀರೆಲ್ಲ ಒಂದೇ ಬಗೆಯದಾಗಿರುವುದಿಲ್ಲ. ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಹತ್ತು ಅಡಿ ಉದ್ದ, ಏಳು ಅಡಿ ಅಗಲ, ಎರಡೂವರೆ ಅಡಿ ಆಳದ ಸಿಮೆಂಟ್ ಕೊಳವೊಂದಿದೆ. ಅದರಲ್ಲಿ ನೈದಿಲೆಯಿದೆ, ಮೀನುಗಳಿವೆ, ಮಳೆಗಾಲದಲ್ಲಿ ಕಪ್ಪೆಗಳು ಬಂದು ಮೊಟ್ಟೆಯಿಟ್ಟು ಹೋಗುತ್ತವೆ. ಹಲವು ವರ್ಷಗಳಿಂದ ಅದನ್ನು ನೋಡಿಕೊಂಡು ಬಂದಿರುವ ನನಗೆ ಒಂದು ವಿಷಯ ಖಚಿತವಾಗಿದೆ. ಸೊಳ್ಳೆಮರಿಯನ್ನು ತಿನ್ನುವ ಜೀವಿಗಳು ಕೊಳದಲ್ಲಿ ನೆಲೆಗೊಂಡರೆ ಅಲ್ಲಿ ಇಟ್ಟ ಮೊಟ್ಟೆ ಸೊಳ್ಳೆಯಾಗಿ ಹಾರುವುದು ಬಹಳ ಅಪರೂಪ. ಮನೆಯವರನ್ನು ಕಚ್ಚುವ ಸೊಳ್ಳೆಗಳಲ್ಲಿ ಬಹುಪಾಲು ಕೊಳದ ಆಸುಪಾಸಿನಲ್ಲಿ, ಯಾರ ಗಮನಕ್ಕೂ ಬಾರದೆ ನಿಂತಿರುವ ಬೊಗಸೆಯಷ್ಟು ನೀರಿನಿಂದ ಬರುತ್ತವೆ. ಆದ್ದರಿಂದ ನನ್ನ ಕೆಲಸದ ಅರ್ಧ ಭಾಗ ಕೊಳದೊಳಗೂ ಇನ್ನರ್ಧ ಭಾಗ ಕೊಳದ ಹೊರಗೂ ನಡೆಯುತ್ತದೆ.

ಯಾವ ಕ್ರಮಕ್ಕೂ ಮುಂಚೆ ನಾನು ನೀರನ್ನು ಪರೀಕ್ಷಿಸುತ್ತೇನೆ. ಅದಕ್ಕೆ ಬೇಕಾದದ್ದು ಉದ್ದ ಹಿಡಿಯಿರುವ, ಒಳಗೆ ಬಿಳಿ ಬಣ್ಣದ ಒಂದು ಸೌಟು ಮಾತ್ರ. ಸೂರ್ಯನಿಗೆ ಎದುರಾಗಿ ನಿಂತು ನನ್ನ ನೆರಳು ಹಿಂದಕ್ಕೆ ಬೀಳುವಂತೆ ನೋಡಿಕೊಳ್ಳಬೇಕು, ಏಕೆಂದರೆ ನೆರಳು ನೀರಿನ ಮೇಲೆ ಬಿದ್ದ ಕೂಡಲೇ ಸೊಳ್ಳೆಮರಿಗಳು ತಳಕ್ಕೆ ಇಳಿದುಬಿಡುತ್ತವೆ. ಸೌಟನ್ನು ಓರೆಯಾಗಿ ಹಿಡಿದು ಅಂಚಿನ ನೀರನ್ನು ಮೆಲ್ಲಗೆ ಎತ್ತಿಕೊಂಡು ಸ್ವಲ್ಪ ಹೊತ್ತು ಅಲುಗಿಸದೆ ಕಾಯಬೇಕು. ಆಗ ಬಿಳಿಯ ತಳದ ಮೇಲೆ ಎಲ್ಲವೂ ಕಾಣುತ್ತದೆ. ತಲೆ ಕೆಳಗಾಗಿ, ಬಾಲದ ತುದಿಯ ಉಸಿರುಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಜೋತಾಡುತ್ತಿದ್ದರೆ ಅದು ಕ್ಯುಲೆಕ್ಸ್ ಅಥವಾ ಈಡಿಸ್ ಜಾತಿಯ ಮರಿ. ಮೇಲ್ಮೈಗೆ ಸಮಾನಾಂತರವಾಗಿ ಅಡ್ಡಡ್ಡ ಮಲಗಿದ್ದರೆ ಅದು ಮಲೇರಿಯಾ ಹರಡುವ ಗುಂಪಾದ ಅನಾಫಿಲಿಸ್. ಕೆಲವು ಮುಂಜಾನೆಗಳಲ್ಲಿ ಅಕ್ಕಿಕಾಳಿನಷ್ಟು ಉದ್ದದ ಮಸಿಬಣ್ಣದ ತೆಪ್ಪವೊಂದು ತೇಲುತ್ತಿರುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ನೂರಕ್ಕೂ ಹೆಚ್ಚು ಮೊಟ್ಟೆಗಳು ನೆಟ್ಟಗೆ ನಿಂತು ಒಂದಕ್ಕೊಂದು ಅಂಟಿಕೊಂಡಿರುವುದು ತಿಳಿಯುತ್ತದೆ. ಅದು ಕ್ಯುಲೆಕ್ಸ್ ಸೊಳ್ಳೆ ಹಿಂದಿನ ರಾತ್ರಿ ಇಟ್ಟದ್ದು. ಅದನ್ನು ಬೆರಳಿನಿಂದ ಎತ್ತಿ ಒಣಮಣ್ಣಿಗೆ ಒರೆಸಿಬಿಟ್ಟರೆ ಅಷ್ಟೂ ಸೊಳ್ಳೆಗಳ ಕಥೆ ಅಲ್ಲಿಗೇ ಮುಗಿಯಿತು.

ಸೌಟಿನಲ್ಲಿ ಸಣ್ಣ ಮರಿಗಳಷ್ಟೇ ಸಿಕ್ಕಿದರೆ ನಾನು ಆತಂಕಪಡುವುದಿಲ್ಲ. ಅಲ್ಪವಿರಾಮದ ಆಕಾರದಲ್ಲಿ ಬಾಗಿ, ಮುಟ್ಟಿದರೆ ಉರುಳುರುಳಿ ಕೆಳಗಿಳಿಯುವ ಪ್ಯೂಪಾ, ಅಂದರೆ ಮರಿ ಸೊಳ್ಳೆಯಾಗುವ ಮುಂಚಿನ ಕೋಶದ ಹಂತ, ಸಿಕ್ಕಿದರೆ ಮಾತ್ರ ಎಚ್ಚರಗೊಳ್ಳುತ್ತೇನೆ, ಏಕೆಂದರೆ ಅದರ ಅರ್ಥ ಆ ಜಾಗದಲ್ಲಿ ಮರಿಗಳು ಯಾರ ಬಾಯಿಗೂ ಬೀಳದೆ ಪೂರ್ತಿ ಬೆಳೆಯುತ್ತಿವೆ ಎಂದು. ಬೇಸಿಗೆಯ ಬಿಸಿಗೆ ಮೊಟ್ಟೆಯಿಂದ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಹೀಗಾಗಿ ಪರೀಕ್ಷೆಯನ್ನು ವಾರಕ್ಕೊಮ್ಮೆ ತಪ್ಪದೆ ಮಾಡಬೇಕು. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಆ ನಡುವೆ ಒಂದು ತಲೆಮಾರು ಹಾರಿಹೋಗಿರುತ್ತದೆ.

ಕೊಳದೊಳಗಿನ ಮುಖ್ಯ ಕೆಲಸಗಾರ ಮೀನು. ನಮ್ಮಲ್ಲಿ ಸೊಳ್ಳೆ ನಿಯಂತ್ರಣಕ್ಕೆ ಹೆಚ್ಚಾಗಿ ಬಿಡುವುದು ಗಪ್ಪಿ ಮತ್ತು ಗಂಬೂಸಿಯಾ ಎಂಬ ಎರಡು ಬಗೆಯನ್ನು. ಎರಡೂ ಹೊರದೇಶದವು, ಗಂಬೂಸಿಯಾ ಭಾರತಕ್ಕೆ ಬಂದದ್ದು 1928ರಲ್ಲಿ. ಕರ್ನಾಟಕದ ಹಳ್ಳಿಗಳ ಬಾವಿಗಳಲ್ಲಿ ಇಂಥ ಮೀನುಗಳನ್ನು ಬಿಟ್ಟು ಮಲೇರಿಯಾ ತಗ್ಗಿಸಿದ ಅನುಭವ ನಮ್ಮ ರಾಜ್ಯಕ್ಕಿದೆ, ಮತ್ತು 2001ರ ಡಿಸೆಂಬರ್‌ನಲ್ಲಿ ತುಮಕೂರು ಜಿಲ್ಲೆಯಲ್ಲಿ ಕಲಾಜಾಥಾ ನಡೆಸಿ ಹಾಡು, ನಾಟಕಗಳ ಮೂಲಕ ಈ ವಿಷಯವನ್ನು ಜನರಿಗೆ ಮುಟ್ಟಿಸಿದ್ದೂ ಉಂಟು. ಇವೆರಡರಲ್ಲಿ ನಾನು ಆರಿಸಿಕೊಂಡದ್ದು ಗಪ್ಪಿಯನ್ನು. ಗಂಬೂಸಿಯಾ ಸೊಳ್ಳೆಮರಿಯನ್ನು ಇನ್ನೂ ಚುರುಕಾಗಿ ತಿನ್ನುತ್ತದೆ ಎನ್ನುವುದು ನಿಜ, ಆದರೆ ಅದು ಕಪ್ಪೆಯ ಮೊಟ್ಟೆಯನ್ನೂ ಗೊದಮೊಟ್ಟೆಗಳನ್ನೂ ಇತರ ಮೀನುಗಳ ಮರಿಗಳನ್ನೂ ಬಿಡುವುದಿಲ್ಲ. ಜಗತ್ತಿನ ಅತ್ಯಂತ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕಪ್ಪೆಗಳಿಲ್ಲದ ಕೊಳ ನನಗೆ ಬೇಡವಾಗಿತ್ತು.

ಗಪ್ಪಿಯಲ್ಲಿಯೂ ಅಕ್ವೇರಿಯಂ ಅಂಗಡಿಯಲ್ಲಿ ದೊರೆಯುವ ಉದ್ದ ಬಾಲದ, ಬಣ್ಣಬಣ್ಣದ ತಳಿಗಳು ಈ ಕೆಲಸಕ್ಕೆ ಅಷ್ಟು ಒಳ್ಳೆಯವಲ್ಲ. ಬಾಲದ ಭಾರಕ್ಕೆ ಅವು ನಿಧಾನವಾಗಿ ಈಜುತ್ತವೆ ಮತ್ತು ಮಿಂಚುಳ್ಳಿಗೆ ಸುಲಭವಾಗಿ ತುತ್ತಾಗುತ್ತವೆ. ಹಳೆಯ ತೊಟ್ಟಿಗಳಲ್ಲಿ ತಾವಾಗಿ ಹೆಚ್ಚಿಕೊಂಡಿರುವ ಮಾಸಲು ಬಣ್ಣದ ಗಪ್ಪಿಗಳೇ ಗಟ್ಟಿ. ಅವುಗಳ ಬಾಯಿ ಮೇಲ್ಮುಖವಾಗಿರುವುದರಿಂದ ಮೇಲ್ಮೈಯಲ್ಲಿ ಜೋತಾಡುವ ಸೊಳ್ಳೆಮರಿ ನೇರವಾಗಿ ಅವಕ್ಕೆ ಸಿಗುತ್ತದೆ. ಇವು ಮೊಟ್ಟೆಯಿಡದೆ ಮರಿ ಹಾಕುವ ಮೀನುಗಳು, ತಿಂಗಳಿಗೊಮ್ಮೆ ಮರಿ ಹಾಕುತ್ತವೆ. ಆದ್ದರಿಂದ ಆರಂಭಕ್ಕೆ ಇಪ್ಪತ್ತು ಮೀನುಗಳಿದ್ದರೂ ಕೆಲವು ತಿಂಗಳಲ್ಲಿ ಕೊಳ ತುಂಬುತ್ತದೆ. ಜೊತೆಗೆ ನಮ್ಮ ನಾಡಿನ ಹಳ್ಳ, ಗದ್ದೆಗಳಲ್ಲಿಯೇ ಇರುವ ಪ್ಯಾಂಚಾಕ್ಸ್ ಮೀನನ್ನೂ ಒಂದಿಷ್ಟು ತಂದು ಬಿಟ್ಟಿದ್ದೇನೆ. ನೆತ್ತಿಯ ಮೇಲೆ ಹೊಳೆಯುವ ಬಿಳಿ ಚುಕ್ಕೆಯಿರುವ ಈ ಮೀನು ಯಾವಾಗಲೂ ನೀರಿನ ಮೇಲ್ಪದರದಲ್ಲಿಯೇ ಕಾದಿರುತ್ತದೆ. ಸಿಗುವುದಾದರೆ ಗಪ್ಪಿಗಿಂತ ಇದಕ್ಕೇ ಮೊದಲ ಸ್ಥಾನ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಮೀನು ಬಿಡುವ ಮೊದಲು ಎರಡು ವಿಷಯ ಗಮನಿಸಬೇಕು. ಹೊಸ ಸಿಮೆಂಟ್ ಕೊಳದ ನೀರು ಸುಣ್ಣದಂಶದಿಂದ ವಿಪರೀತ ಕ್ಷಾರವಾಗಿರುತ್ತದೆ. ತುಂಬಿಸಿ, ಕೆಲವು ದಿನ ಬಿಟ್ಟು, ಖಾಲಿ ಮಾಡಿ ಮತ್ತೆ ತುಂಬಿಸುವುದನ್ನು ಹಲವು ಸಲ ಮಾಡಿದ ಮೇಲೆಯೇ ಅದು ಮೀನಿಗೆ ಹಿತವಾಗುವುದು. ನಲ್ಲಿ ನೀರಿನ ಕ್ಲೋರಿನ್ ಕೂಡ ಮೀನಿನ ಕಿವಿರಿಗೆ ಕೆಡುಕು, ಹಾಗಾಗಿ ಆವಿಯಾದ ನೀರನ್ನು ತುಂಬಿಸಲು ಡ್ರಮ್ಮಿನಲ್ಲಿ ಮುಚ್ಚಳ ಬಿಗಿಯದೆ ಒಂದೆರಡು ದಿನ ಹಿಡಿದಿಟ್ಟ ನೀರನ್ನೇ ಬಳಸುತ್ತೇನೆ, ಡ್ರಮ್ಮಿನ ಬಾಯಿಗೆ ಹಳೆಯ ಪಂಚೆಯನ್ನು ಬಿಗಿಯಾಗಿ ಕಟ್ಟಿರುತ್ತೇನೆ. ಇನ್ನು ಮೀನಿಗೆ ಆಹಾರ ಹಾಕುವ ವಿಷಯ. ಮಕ್ಕಳು ಪ್ರೀತಿಯಿಂದ ದಿನಕ್ಕೆ ಮೂರು ಹೊತ್ತು ಮಂಡಕ್ಕಿ, ಬ್ರೆಡ್ಡು ಹಾಕಿದರೆ ಮೀನಿನ ಹೊಟ್ಟೆ ತುಂಬಿ ಸೊಳ್ಳೆಮರಿಯ ಕಡೆ ತಿರುಗಿಯೂ ನೋಡುವುದಿಲ್ಲ, ಉಳಿದ ಆಹಾರ ಕೊಳೆತು ನೀರು ಕೆಡುತ್ತದೆ, ಕೊಳೆತ ನೀರನ್ನೇ ಕ್ಯುಲೆಕ್ಸ್ ಸೊಳ್ಳೆ ಹುಡುಕಿಕೊಂಡು ಬರುತ್ತದೆ.

ಮೀನಿದ್ದೂ ಸೊಳ್ಳೆಯಾಗುವ ಕೊಳಗಳನ್ನು ನಾನು ಕಂಡಿದ್ದೇನೆ. ಅಲ್ಲೆಲ್ಲ ಕಾರಣ ಬಹುಮಟ್ಟಿಗೆ ಒಂದೇ: ಮೀನು ತಲುಪಲಾಗದ ಮೂಲೆಗಳು. ಅಂಚನ್ನು ಚೆಂದಕ್ಕೆಂದು ತಟ್ಟೆಯಂತೆ ಇಳಿಜಾರಾಗಿಸಿ, ಅಲ್ಲಿ ಹುಲ್ಲು ದಟ್ಟವಾಗಿ ಬೆಳೆಯಲು ಬಿಟ್ಟರೆ, ಎರಡು ಬೆರಳಿನಷ್ಟು ನೀರಿನಲ್ಲಿ ಸೊಳ್ಳೆಮರಿಗಳು ನಿಶ್ಚಿಂತೆಯಿಂದ ಬೆಳೆಯುತ್ತವೆ. ನಮ್ಮ ಕೊಳದ ಗೋಡೆಗಳು ನೆಟ್ಟಗಿವೆ. ಕಪ್ಪೆ, ಓತಿಕ್ಯಾತಗಳು ಹತ್ತಿ ಹೋಗಲು ಒಂದು ಮೂಲೆಯಲ್ಲಿ ಮಾತ್ರ ಕಲ್ಲುಗಳನ್ನು ಜೋಡಿಸಿದ್ದೇನೆ, ಮತ್ತು ಸೌಟನ್ನು ಮೊದಲು ಅದ್ದುವುದು ಆ ಕಲ್ಲುಗಳ ಸಂದಿಗೇ. ನೈದಿಲೆಯ ಎಲೆಗಳು ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚದಂತೆ ಹಳೆಯ ಎಲೆಗಳನ್ನು ಬುಡದಿಂದ ಕತ್ತರಿಸುತ್ತೇನೆ. ಪಾಚಿ ಚಾಪೆಯಂತೆ ಹೆಪ್ಪುಗಟ್ಟಿದರೆ ಕೋಲಿಗೆ ಸುತ್ತಿ ಎಳೆದು ಗೊಬ್ಬರದ ಗುಂಡಿಗೆ ಹಾಕುತ್ತೇನೆ.

ಅಂತರಗಂಗೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನರ್ಸರಿಗಳಲ್ಲಿ ಅದನ್ನು ಕೊಳದ ಅಲಂಕಾರಕ್ಕೆಂದು ಮಾರುತ್ತಾರೆ, ನೋಡಲು ಅಂದವಾಗಿಯೂ ಇರುತ್ತದೆ. ಆದರೆ ಮ್ಯಾನ್ಸೋನಿಯಾ ಎಂಬ ಸೊಳ್ಳೆಗೆ ಅದು ಬಲು ಇಷ್ಟದ ಗಿಡ. ಈ ಸೊಳ್ಳೆಯ ಮರಿ ಉಸಿರಿಗಾಗಿ ಮೇಲ್ಮೈಗೆ ಬರುವುದೇ ಇಲ್ಲ. ತನ್ನ ಉಸಿರುಕೊಳವೆಯನ್ನು ಅಂತರಗಂಗೆಯ ಬೇರಿಗೆ ಚುಚ್ಚಿ ಅಲ್ಲಿಂದಲೇ ಗಾಳಿ ಪಡೆಯುತ್ತದೆ. ಹಾಗಾಗಿ ಸೌಟಿಗೂ ಸಿಗದು, ಜೊಂಪೆಯಾದ ಬೇರುಗಳ ನಡುವೆ ಮೀನಿಗೂ ಸಿಗದು. ಕೇರಳದ ಕೆಲವೆಡೆ ಆನೆಕಾಲು ರೋಗ ಹರಡಲು ಈ ಗುಂಪಿನ ಸೊಳ್ಳೆಗಳು ಕಾರಣವಾಗಿವೆ. ಅಂತರಗಂಗೆಯನ್ನೂ ಕೆರೆಗಳನ್ನು ನುಂಗುವ ಜಲಕಳೆಯನ್ನೂ ನಾನು ಕೊಳದ ಹತ್ತಿರ ಸುಳಿಯಗೊಡುವುದಿಲ್ಲ.

ನೀರು ಅಲುಗುತ್ತಿದ್ದರೆ ಸೊಳ್ಳೆಮರಿಗೆ ಉಸಿರುಕೊಳವೆಯನ್ನು ಮೇಲ್ಮೈಗೆ ತಾಗಿಸಿ ನಿಲ್ಲಲು ಆಗುವುದಿಲ್ಲ, ಹೆಣ್ಣು ಸೊಳ್ಳೆಯೂ ಅಂಥಲ್ಲಿ ಮೊಟ್ಟೆಯಿಡಲು ಹಿಂಜರಿಯುತ್ತದೆ. ಅದಕ್ಕಾಗಿ ಸಣ್ಣದೊಂದು ಪಂಪನ್ನು ತಳದಲ್ಲಿ ಇಟ್ಟು, ಸಂಜೆಯಿಂದ ಬೆಳಗಿನವರೆಗೆ ನೀರು ಒಂದು ಕಲ್ಲಿನ ಮೇಲೆ ಬೀಳುವಂತೆ ಮಾಡಿದ್ದೇನೆ. ಆದರೆ ಪಂಪಿನ ಅಲೆ ಎಲ್ಲ ಮೂಲೆಗಳನ್ನೂ ಮುಟ್ಟುವುದಿಲ್ಲ. ಅದು ಮೀನಿಗೆ ಸಹಾಯಕವೇ ಹೊರತು ಮೀನಿನ ಬದಲಿಗೆ ನಿಲ್ಲಲಾರದು.

ಔಷಧಿಯ ಮಾತು ಬಂದಾಗ ನನ್ನ ನಿಲುವು ಖಡಾಖಂಡಿತ. ಕೊಳಕ್ಕೆ ಕೀಟನಾಶಕವನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಹಾಕಬಾರದು. ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ತಿಂಗಳುಗಟ್ಟಲೆ ನೀರಿನ ತಳದಲ್ಲಿದ್ದು ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತವೆ. ಬೆನ್ನಡಿಯಾಗಿ ಈಜುವ ನೀರುತಿಗಣೆಗಳದೂ ಅದೇ ಕಸುಬು. ವಿಷ ಹಾಕಿದರೆ ಮೊದಲು ಸಾಯುವುದು ಇವೇ. ವಿಷದ ಕಾವು ಇಳಿದ ಮೇಲೆ ಸೊಳ್ಳೆ ಒಂದೇ ರಾತ್ರಿಯಲ್ಲಿ ಬಂದು ಮೊಟ್ಟೆಯಿಡುತ್ತದೆ, ಅದನ್ನು ತಿನ್ನುವ ಹುಳುಗಳು ಮರಳಿ ನೆಲೆಗೊಳ್ಳಲು ತಿಂಗಳುಗಳೇ ಬೇಕು. ನಡುವಿನ ಅವಧಿಯಲ್ಲಿ ಕೊಳ ಹಿಂದೆಂದಿಗಿಂತ ಹೆಚ್ಚು ಸೊಳ್ಳೆಯನ್ನು ಹಾರಿಸುತ್ತದೆ. ಮೀನು ಬಿಡಲಾಗದ ಜಾಗಗಳಿಗೆ, ಉದಾಹರಣೆಗೆ ಕಮಲದ ಕುಂಡಗಳಿಗೆ, ನಾನು ಬಳಸುವುದು ಬಿಟಿಐ ಎಂದು ಕರೆಯುವ ಬ್ಯಾಕ್ಟೀರಿಯಾದ ಪುಡಿಯನ್ನು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸತ್ತ ಸೊಳ್ಳೆಮರಿಗಳಿದ್ದ ಒಂದು ಹೊಂಡದಲ್ಲಿ ಇದು ಪತ್ತೆಯಾಯಿತು. ಸೊಳ್ಳೆಮರಿ ಇದನ್ನು ನುಂಗಿದಾಗ ಅದರ ಕ್ಷಾರಯುಕ್ತ ಕರುಳಿನಲ್ಲಿ ವಿಷಾಂಶ ಬಿಡುಗಡೆಯಾಗಿ ಕರುಳು ಹರಿದು ಮರಿ ಸಾಯುತ್ತದೆ. ಮೀನು, ಕಪ್ಪೆ, ಹಕ್ಕಿಗಳಿಗೆ ತೊಂದರೆಯಿಲ್ಲ. ಪ್ಯೂಪಾ ಏನನ್ನೂ ತಿನ್ನುವುದಿಲ್ಲವಾದ್ದರಿಂದ ಅದರ ಮೇಲೆ ಇದು ಕೆಲಸ ಮಾಡದು, ಪರಿಣಾಮವೂ ಹೆಚ್ಚು ದಿನ ಉಳಿಯದು. ಪೊಟ್ಟಣದ ಮೇಲೆ ಬರೆದಿರುವ ಅಳತೆಯಂತೆ ಹಾಕಿ, ಮುಂದಿನ ವಾರ ಸೌಟಿನಿಂದ ನೋಡಿ, ಬೇಕಿದ್ದರೆ ಮತ್ತೆ ಹಾಕುತ್ತೇನೆ.

ಇನ್ನು ಕೊಳದ ಹೊರಗಿನ ಕೆಲಸ. ಪಕ್ಕದ ಮನೆಯ ಹಿರಿಯರೊಬ್ಬರು ಒಂದು ಮಳೆಗಾಲದಲ್ಲಿ, “ಹಗಲು ಹೊತ್ತಿನಲ್ಲೇ ಕಾಲಿಗೆ ಕಚ್ಚುತ್ತಿವೆ ಮೇಷ್ಟ್ರೇ, ನಿಮ್ಮ ಕೊಳದಿಂದಲೇ ಬರುತ್ತಿರಬೇಕು” ಎಂದರು. ಹಗಲು ಕಚ್ಚುವುದು ಎಂದ ಕೂಡಲೇ ಅದು ಡೆಂಗಿ ಹರಡುವ ಈಡಿಸ್ ಎಂದು ಊಹಿಸಬಹುದು, ಮತ್ತು ಈಡಿಸ್ ಮೀನಿರುವ ಕೊಳಕ್ಕಿಂತ ಚಿಕ್ಕ ಪಾತ್ರೆಗಳ ತಿಳಿನೀರನ್ನು ಆರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿಗಿಂತ ದೂರ ಹೋಗುವುದಿಲ್ಲವಾದ್ದರಿಂದ ಮೂಲ ಹತ್ತಿರದಲ್ಲೇ ಇರಬೇಕು. ಇಬ್ಬರೂ ಸೌಟು ಹಿಡಿದು ಎರಡೂ ಹಿತ್ತಲುಗಳನ್ನು ಸುತ್ತಿದೆವು. ಕೊಳದಲ್ಲಿ ಏನೂ ಸಿಗಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಒರಳುಕಲ್ಲಿನ ಗುಂಡಿಯಲ್ಲಿ, ತೆಂಗಿನ ಚಿಪ್ಪುಗಳಲ್ಲಿ, ಕುಂಡದ ಕೆಳಗಿನ ತಟ್ಟೆಗಳಲ್ಲಿ, ಬಿದ್ದ ಅಡಿಕೆ ಹಾಳೆಯ ಮಡಿಕೆಯಲ್ಲಿ, ಹಕ್ಕಿಗಳಿಗೆಂದು ಇಟ್ಟ ಬಟ್ಟಲಿನಲ್ಲಿ ಮರಿಗಳು ಕುಣಿಯುತ್ತಿದ್ದವು.

ಅಂದಿನಿಂದ ಭಾನುವಾರ ಬೆಳಿಗ್ಗೆ ಇವನ್ನೆಲ್ಲ ಬೋರಲು ಹಾಕುವುದು ಎರಡೂ ಮನೆಗಳ ವಾಡಿಕೆಯಾಗಿದೆ. ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಮೈಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆ ಗೋಡೆಗೆ ಅಂಟಿಸಿಡುತ್ತದೆ. ಅವು ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ತಾಗಿದಾಗ ಒಡೆಯುತ್ತವೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಹಂಗಾಮಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಅವರು, ಸೊಳ್ಳೆಗೆ ನೀರು ಸಿಗದಂತೆ ಮಾಡಿದರೆ ಅದನ್ನು ಹತೋಟಿಗೆ ತರಬಹುದೆಂದು ಮನಗಂಡಿದ್ದರು. ಮಲೇರಿಯಾ ಪರೋಪಜೀವಿಯನ್ನು ಅವರು ಸೊಳ್ಳೆಯ ಒಡಲಿನಲ್ಲಿ ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ರೋಗಕ್ಕೂ ಸೊಳ್ಳೆಗೂ ಇರುವ ನಂಟು ರುಜುವಾತಾಗುವ ಮುಂಚೆಯೇ ಕಂಡ ಆ ಉಪಾಯ ಇಂದಿಗೂ ಎಲ್ಲಕ್ಕಿಂತ ಅಗ್ಗದ್ದು. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಗ್ರಾಮೀಣ ಪ್ರದೇಶದಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು.

ರಾತ್ರಿ ಕಚ್ಚುವ ಕ್ಯುಲೆಕ್ಸ್ ಹೆಚ್ಚಾದಾಗ ನೋಡಬೇಕಾದ ಜಾಗ ಬೇರೆ. ಅದು ಕೊಳಕು ನೀರಿನ ಸೊಳ್ಳೆ. ಚರಂಡಿ ಮತ್ತು ಶೌಚಗುಂಡಿ ಅದರ ನೆಲೆ. ಶೌಚಗುಂಡಿಯ ಗಾಳಿಕೊಳವೆಯ ತುದಿಗೆ ನೈಲಾನ್ ಜಾಲರಿಯನ್ನು ತಂತಿಯಿಂದ ಬಿಗಿದು ಕಟ್ಟಿದ ಮೇಲೆ ನಮ್ಮ ಮಲಗುವ ಕೋಣೆಯಲ್ಲಿ ಆದ ವ್ಯತ್ಯಾಸ ಬೇರೆ ಯಾವ ಕ್ರಮದಿಂದಲೂ ಆಗಿರಲಿಲ್ಲ. ಬಿಸಿಲಿಗೆ ಜಾಲರಿ ಪುಡಿಯಾಗುವುದರಿಂದ ವರ್ಷಕ್ಕೊಮ್ಮೆ ಬದಲಿಸಬೇಕು.

ಮಳೆಗಾಲಕ್ಕೆ ಮುಂಚೆ ಕೊಳದ ಹೆಚ್ಚುವರಿ ನೀರು ಹೊರಹೋಗುವ ಕೊಳವೆಗೂ ಜಾಲರಿ ಹಾಕುತ್ತೇನೆ. ಗಪ್ಪಿ ನಮ್ಮ ನೀರಿನ ಮೀನಲ್ಲ; ಅದು ಮೋರಿಯ ಮೂಲಕ ಕೆರೆ ಸೇರಿದರೆ ಅಲ್ಲಿನ ಮೀನುಗಳಿಗೆ ಪೈಪೋಟಿ ಒಡ್ಡುತ್ತದೆ. ಕೊಳದಲ್ಲಿ ಹೆಚ್ಚಾದ ಮೀನುಗಳನ್ನು ತೊಟ್ಟಿಯಿರುವ ಮನೆಗಳವರಿಗೆ ಕೊಡುತ್ತೇನೆ, ಕೆರೆಗೆ ಬಿಡಬೇಡಿ ಎಂದು ಹೇಳಿಯೇ ಕೊಡುತ್ತೇನೆ. ಊರಿಗೆ ಹೋಗುವ ದಿನಗಳಲ್ಲಿ ಮೀನಿಗೆ ಆಹಾರ ಹಾಕಲು ಯಾರಿಗೂ ಹೇಳಿಹೋಗುವುದಿಲ್ಲ. ನೀರಿನಲ್ಲಿರುವುದನ್ನೇ ತಿಂದುಕೊಂಡು ಅವು ಚೆನ್ನಾಗಿರುತ್ತವೆ. ಹಕ್ಕಿ ಬಟ್ಟಲು, ಬಕೆಟ್ಟು, ಕುಂಡದ ತಟ್ಟೆಗಳನ್ನು ಮಾತ್ರ ಒರೆಸಿ ಬೋರಲು ಹಾಕಿ, ಡ್ರಮ್ಮಿನ ಬಾಯಿಯ ಬಟ್ಟೆ ಹರಿದಿಲ್ಲವೆಂದು ನೋಡಿಕೊಂಡೇ ಬಾಗಿಲಿಗೆ ಬೀಗ ಹಾಕುತ್ತೇನೆ.